ಗೆದ್ದವರು ‘ಶಾಸಕರು’ ಆಗುವುದು ಯಾವ ಗಳಿಗೆಯಲ್ಲಿ?

ಮತ ಎಣಿಕೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಯಾವುದಾದರೂ ತಾಲ್ಲೂಕು ಕೇಂದ್ರದ ಫ್ಲೆಕ್ಸ್ ಅಂಗಡಿ ಮುಂದೆ ನಿಂತು ನೋಡಿ. ಎಣಿಕೆ ಇನ್ನೂ ಏಳನೇ ಸುತ್ತಿನಲ್ಲಿರುತ್ತದೆ. ಒಳಗೆ ‘ನೂತನ ಶಾಸಕರಿಗೆ ಹಾರ್ದಿಕ ಅಭಿನಂದನೆಗಳು’ ಎಂಬ ಬ್ಯಾನರ್ ಆಗಲೇ ಪ್ರಿಂಟಾಗಿ ಒಣಗುತ್ತಿರುತ್ತದೆ. ಜಾಣ ಅಂಗಡಿಯವರು ಇಬ್ಬರ ಫೋಟೊ ಹಾಕಿ ಎರಡು ಡಿಸೈನ್ ಸಿದ್ಧ ಮಾಡಿಕೊಂಡಿರುವುದೂ ಉಂಟು.

ಆ ಗಳಿಗೆಯಲ್ಲಿ ಬ್ಯಾನರಿನ ಮನುಷ್ಯ ನಿಜಕ್ಕೂ ಶಾಸಕರೇ? ಸಂಜೆ ಪ್ರಮಾಣಪತ್ರ ಕೈಗೆ ಬಂದಾಗ ಆಗುತ್ತಾರೆಯೇ? ಅಥವಾ ವಿಧಾನಸೌಧದಲ್ಲಿ ಪ್ರಮಾಣ ವಚನ ತೆಗೆದುಕೊಳ್ಳುವವರೆಗೂ ಕಾಯಬೇಕೆ? ಹೋಟೆಲ್ ಬೆಂಚಿನ ಮೇಲೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪ್ರತಿ ಚುನಾವಣೆಯಲ್ಲೂ ಈ ಜಗಳ ಏಳುತ್ತದೆ. ‘ಪ್ರಮಾಣ ತೆಗೆದುಕೊಳ್ಳುವವರೆಗೆ ಅವರು ಏನೂ ಅಲ್ಲ’ ಎಂದು ಒಬ್ಬರು ಗಟ್ಟಿಯಾಗಿ ಹೇಳುತ್ತಾರೆ. ಶಾಸಕರ ಮಟ್ಟಿಗೆ ಆ ಮಾತು ತಪ್ಪು, ಮುಖ್ಯಮಂತ್ರಿಯ ಮಟ್ಟಿಗೆ ಸರಿ. ಗೊಂದಲ ಹುಟ್ಟುವುದೇ ಇಲ್ಲಿ. ಒಂದೊಂದು ಪದವಿಗೂ ಕಾನೂನು ಒಂದೊಂದು ಗಳಿಗೆಯನ್ನು ಗೊತ್ತು ಮಾಡಿದೆ.

ಟೀವಿಯ ಗೆಲುವು, ಟೇಬಲ್ಲಿನ ಗೆಲುವು

ಮೊದಲು ಎಣಿಕೆ ಕೇಂದ್ರದೊಳಗೆ ಏನು ನಡೆಯುತ್ತದೆ ನೋಡೋಣ. ಸಾಮಾನ್ಯವಾಗಿ ಒಂದು ಕ್ಷೇತ್ರಕ್ಕೆ 14 ಟೇಬಲ್ ಹಾಕಿರುತ್ತಾರೆ. ಒಂದು ಸಲಕ್ಕೆ 14 ಮತಗಟ್ಟೆಗಳ ಯಂತ್ರಗಳ ಲೆಕ್ಕ ಮುಗಿದರೆ ಅದು ಒಂದು ಸುತ್ತು. ಕ್ಷೇತ್ರದಲ್ಲಿ 252 ಮತಗಟ್ಟೆಗಳಿದ್ದರೆ 18 ಸುತ್ತು. ಬೆಳಿಗ್ಗೆ ಎಂಟಕ್ಕೆ ಅಂಚೆ ಮತಗಳಿಂದ ಶುರುವಾಗುತ್ತದೆ. ಯಂತ್ರಗಳ ಎಣಿಕೆ ಮುಗಿದ ಮೇಲೆ, ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು (ಮತ ಯಾರಿಗೆ ಬಿತ್ತೆಂದು ಅಚ್ಚಾಗುವ ಚೀಟಿ) ಎಣಿಸಿ ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡುತ್ತಾರೆ.

ಟೀವಿಯಲ್ಲಿ ನಾವು ನೋಡುವುದು ಸುತ್ತು ಸುತ್ತಿನ ಮುನ್ನಡೆ. ಉಳಿದ ಸುತ್ತುಗಳಲ್ಲಿ ಯಾವ ಊರುಗಳಿವೆ ಎಂದು ಲೆಕ್ಕ ಹಾಕಿ ಚಾನೆಲ್‌ನವರು ‘ಗೆಲುವು’ ಎಂದು ಹೇಳಿಬಿಡುತ್ತಾರೆ. ಬಹಳ ಸಲ ಅದು ನಿಜವೂ ಆಗುತ್ತದೆ. ಆದರೆ ಅದು ಊಹೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಮುನ್ನಡೆ ಬೇರೆ, ಗೆಲುವು ಬೇರೆ ಎಂದು ತೋರಿಸುವುದು ಇದೇ ಕಾರಣಕ್ಕೆ.

ಈ ವ್ಯತ್ಯಾಸದ ಬಿಸಿ ಬೆಂಗಳೂರಿಗೆ ಚೆನ್ನಾಗಿ ಗೊತ್ತು. 2023ರ ಮೇ 13ರಂದು ರಾಜ್ಯದ ಉಳಿದೆಡೆ ವಿಜಯೋತ್ಸವಗಳು ಮುಗಿದಿದ್ದರೂ ಜಯನಗರದಲ್ಲಿ ರಾತ್ರಿಯವರೆಗೂ ಮರು ಎಣಿಕೆ ನಡೆದಿತ್ತು. ಕೊನೆಗೆ ಸಿ.ಕೆ. ರಾಮಮೂರ್ತಿ ಅವರು ಸೌಮ್ಯಾ ರೆಡ್ಡಿ ಅವರನ್ನು 16 ಮತಗಳಿಂದ ಸೋಲಿಸಿದರು ಎಂದು ಘೋಷಣೆಯಾಯಿತು. ಅದಕ್ಕೂ ಹಿಂದೆ, 2004ರಲ್ಲಿ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ! ಅಂಥ ದಿನ ಏಳನೇ ಸುತ್ತಿನಲ್ಲಿ ಪ್ರಿಂಟಾದ ಬ್ಯಾನರಿನ ಗತಿ ಏನಾಗಿರಬಹುದು, ನೀವೇ ಯೋಚಿಸಿ.

ಇಬ್ಬರಿಗೂ ಸಮ ಮತ ಬಂದರೆ? ಮರು ಮತದಾನವೇನೂ ಇಲ್ಲ. ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತುತ್ತಾರೆ. ಯಾರ ಹೆಸರು ಬರುತ್ತದೋ ಅವರಿಗೆ ಇನ್ನೊಂದು ಮತ ಬಿದ್ದಂತೆ ಲೆಕ್ಕ.

ಎಣಿಕೆ ಪೂರ್ತಿಯಾದ ಮೇಲೆ ಅಧಿಕಾರಿ ಯಾರಿಗೆ ಎಷ್ಟು ಮತ ಎಂದು ಓದಿ ಹೇಳಿ ತುಸು ಹೊತ್ತು ತಡೆಯುತ್ತಾರೆ. ಮರು ಎಣಿಕೆ ಬೇಕೆನ್ನುವವರು ಲಿಖಿತವಾಗಿ ಕೇಳಬೇಕಾದ್ದು ಆಗಲೇ. ಅಂತಿಮ ಫಲಿತಾಂಶದ ಹಾಳೆಗೆ, ಅಂದರೆ ನಮೂನೆ 20ಕ್ಕೆ, ಅಧಿಕಾರಿಯ ಸಹಿ ಬಿದ್ದ ಮೇಲೆ ಆ ಬಾಗಿಲು ಮುಚ್ಚಿತು. ಆಮೇಲೆ ತಕರಾರಿದ್ದರೆ ಹೈಕೋರ್ಟಿಗೇ ಹೋಗಬೇಕು.

ನೋಂದಣಿ, ಖಾತೆ, ಗೃಹಪ್ರವೇಶ

ಸಹಿಯಾದ ಮೇಲೆ ಚುನಾವಣಾಧಿಕಾರಿ ‘ಇಂಥವರು ಚುನಾಯಿತರಾಗಿದ್ದಾರೆ’ ಎಂದು ಘೋಷಿಸುತ್ತಾರೆ. ಗೆದ್ದವರ ಕೈಗೆ ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ ಫೋಟೊ ಮರುದಿನದ ಪತ್ರಿಕೆಯಲ್ಲಿ ಬರುತ್ತದಲ್ಲ, ಅದೇ.

1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 67ಎ ಸೆಕ್ಷನ್ ಇಲ್ಲಿ ಬಹಳ ನೇರವಾಗಿದೆ: ಚುನಾವಣಾಧಿಕಾರಿ ಘೋಷಿಸಿದ ದಿನವೇ ಆ ಅಭ್ಯರ್ಥಿ ಆಯ್ಕೆಯಾದ ದಿನ. ಮತದಾನದ ದಿನ ಅಲ್ಲ, ಪ್ರಮಾಣ ವಚನದ ದಿನವೂ ಅಲ್ಲ. ಈ ಘೋಷಣೆ ಮಾಡುವವರು ದೆಹಲಿಯ ಆಯುಕ್ತರಲ್ಲ, ಆ ಕ್ಷೇತ್ರದ ಹೊಣೆ ಹೊತ್ತ ಚುನಾವಣಾಧಿಕಾರಿ; ಲೋಕಸಭೆಗಾದರೆ ಬಹುತೇಕ ಜಿಲ್ಲಾಧಿಕಾರಿಯೇ.

ಇದಾದ ಮೇಲೆ ಇನ್ನೂ ಎರಡು ಹೆಜ್ಜೆ ಇವೆ. ಎಲ್ಲ ಕ್ಷೇತ್ರಗಳ ವಿಜೇತರ ಹೆಸರುಗಳನ್ನು ಸೇರಿಸಿ ಚುನಾವಣಾ ಆಯೋಗ ಅಧಿಸೂಚನೆ ಹೊರಡಿಸಿ ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ಅದರೊಂದಿಗೆ ಹೊಸ ಸದನ ‘ರಚನೆಯಾಯಿತು’ ಎಂದು ಅರ್ಥ. ಕೊನೆಯದು ಸದನದೊಳಗಿನ ಪ್ರಮಾಣ ವಚನ.

ಜಮೀನು ಕೊಂಡವರಿಗೆ ಇದು ಬೇಗ ಹೊಳೆಯುತ್ತದೆ. ಟೀವಿಯ ಸುದ್ದಿ ಬ್ರೋಕರ್ ಮಾತಿನ ಹಾಗೆ: ‘ಆಯ್ತು ಸಾರ್, ನಿಮ್ದೇ ಅಂತ ಇಟ್ಕೊಳ್ಳಿ.’ ಚುನಾವಣಾಧಿಕಾರಿಯ ಘೋಷಣೆ ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ. ಆ ದಿನದಿಂದ ಸ್ವತ್ತು ನಿಮ್ಮದು. ರಾಜ್ಯಪತ್ರದ ಅಧಿಸೂಚನೆ ಖಾತೆ ಬದಲಾವಣೆಯಂತೆ, ಸರ್ಕಾರದ ಪುಸ್ತಕದಲ್ಲಿ ನಿಮ್ಮ ಹೆಸರು ಏರುತ್ತದೆ. ಪ್ರಮಾಣ ವಚನ ಗೃಹಪ್ರವೇಶ. ಗೃಹಪ್ರವೇಶಕ್ಕೆ ಮೊದಲು ಒಳಗೆ ವಾಸ ಮಾಡುವುದಿಲ್ಲ, ನಿಜ. ಹಾಗೆಂದು ಮನೆ ಅಲ್ಲಿಯವರೆಗೆ ಬೇರೆಯವರದ್ದೇನೂ ಅಲ್ಲ.

ಹಾಗಾದರೆ ಪ್ರಮಾಣ ವಚನದ ಕೆಲಸ ಏನು?

ಪ್ರಮಾಣ ವಚನದ ಪದಗಳನ್ನೇ ಗಮನವಿಟ್ಟು ಓದಿದರೆ ಉತ್ತರ ಅಲ್ಲೇ ಇದೆ. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಶಾಸಕರ ಪ್ರಮಾಣದ ಒಕ್ಕಣೆ ಶುರುವಾಗುವುದೇ ‘ವಿಧಾನಸಭೆಯ ಸದಸ್ಯನಾಗಿ ಚುನಾಯಿತನಾಗಿರುವ ನಾನು’ ಎಂಬ ಅರ್ಥದ ಮಾತಿನಿಂದ. ಚುನಾಯಿತನಾಗಿರುವ: ಅಂದರೆ ಆ ಕೆಲಸ ಆಗಲೇ ಮುಗಿದಿದೆ. ಕೊನೆಯಲ್ಲಿ ಬರುವುದು ‘ನಾನು ಈಗ ಕೈಗೊಳ್ಳಲಿರುವ ಕರ್ತವ್ಯವನ್ನು ನಿಷ್ಠೆಯಿಂದ ನಿರ್ವಹಿಸುತ್ತೇನೆ’ ಎಂಬ ಮಾತು. ಕೈಗೊಳ್ಳಲಿರುವ: ಅಂದರೆ ಅದು ಇನ್ನೂ ಶುರುವಾಗಿಲ್ಲ. ಒಂದೇ ವಾಕ್ಯದಲ್ಲಿ ಪದವಿ ಹಿಂದೆ, ಕೆಲಸ ಮುಂದೆ. ಸಂವಿಧಾನ ಬರೆದವರು ಎಷ್ಟು ಅಳೆದು ಪದ ಹಾಕಿದ್ದಾರೆ ಎಂದು ಇಂಥ ಕಡೆ ಬೆರಗಾಗುತ್ತದೆ.

188ನೇ ವಿಧಿ ಹೇಳುವುದೂ ಇದನ್ನೇ. ಸದಸ್ಯರು ‘ತಮ್ಮ ಸ್ಥಾನದಲ್ಲಿ ಕೂರುವ ಮೊದಲು’ ಪ್ರಮಾಣ ತೆಗೆದುಕೊಳ್ಳಬೇಕು. ‘ಸದಸ್ಯರಾಗುವ ಮೊದಲು’ ಎಂದಲ್ಲ. ಪ್ರಮಾಣ ಇಲ್ಲದೆ ಸದನದಲ್ಲಿ ಕೂತರೆ ಅಥವಾ ಮತ ಹಾಕಿದರೆ ದಿನಕ್ಕೆ 500 ರೂಪಾಯಿ ದಂಡ ಎಂದು 193ನೇ ವಿಧಿ ಹೇಳುತ್ತದೆ. ಸಂವಿಧಾನ ಜಾರಿಗೆ ಬಂದ 1950ರಲ್ಲಿ 500 ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ.

ಹಾಗಾಗಿ ಘೋಷಣೆ ಆಗಿ ಪ್ರಮಾಣ ಆಗದ ಶಾಸಕರು ಸದನದ ಹೊರಗಿನ ಕೆಲವು ಕೆಲಸಗಳನ್ನು ಮಾಡಬಹುದು, ಒಳಗಿನದ್ದನ್ನು ಮಾಡುವ ಹಾಗಿಲ್ಲ. ರಾಜ್ಯಸಭೆ ಚುನಾವಣೆಯಲ್ಲಿ ಅಭ್ಯರ್ಥಿಯ ಹೆಸರು ಸೂಚಿಸುವುದು ಯಾವ ಬಗೆಯ ಕೆಲಸ? ಉತ್ತರ ಪ್ರದೇಶದಿಂದ ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂದಾಗ, ಅದು ಶಾಸನ ರಚನೆಯ ಕೆಲಸವಲ್ಲ, ಪ್ರಮಾಣ ತೆಗೆದುಕೊಳ್ಳದ ಶಾಸಕರೂ ಸೂಚಕರಾಗಬಹುದು ಎಂದು 1984ರಲ್ಲಿ ಕೋರ್ಟು ಹೇಳಿತು.

ಈ ನಡುವಿನ ಅವಧಿ ಸಾಮಾನ್ಯವಾಗಿ ಒಂದೆರಡು ವಾರ. ಕೆಲವೊಮ್ಮೆ ಎಳೆಯುತ್ತದೆ. 2024ರ ಜೂನ್ 4ರಂದು ಲೋಕಸಭೆಗೆ ಗೆದ್ದವರಲ್ಲಿ ಇಬ್ಬರು ಜೈಲಿನಲ್ಲಿದ್ದರು: ಪಂಜಾಬಿನ ಖಡೂರ್ ಸಾಹಿಬ್‌ನಿಂದ ಅಮೃತ್‌ಪಾಲ್ ಸಿಂಗ್, ಕಾಶ್ಮೀರದ ಬಾರಾಮುಲ್ಲಾದಿಂದ ಎಂಜಿನಿಯರ್ ರಶೀದ್. ಉಳಿದ ಸಂಸದರು ಜೂನ್ 24, 25ರಂದು ಪ್ರಮಾಣ ತೆಗೆದುಕೊಂಡರೆ ಇವರಿಬ್ಬರಿಗೆ ಅನುಮತಿ ಸಿಕ್ಕಿ ಪ್ರಮಾಣ ತೆಗೆದುಕೊಳ್ಳಲು ಸಾಧ್ಯವಾದದ್ದು ಜುಲೈ 5ಕ್ಕೆ. ಆ ಒಂದು ತಿಂಗಳು ಇಬ್ಬರೂ ಚುನಾಯಿತ ಸಂಸದರು, ಆದರೆ ಸದನದಲ್ಲಿ ಕೂತಿರದ ಸಂಸದರು.

2018ರ ಮೇ ತಿಂಗಳ ಆ ನಾಲ್ಕು ದಿನ

ಇದೆಲ್ಲ ಪದಗಳ ಆಟ, ಯಾವ ದಿನ ಏನೆಂದು ಕರೆದರೇನು ಎನಿಸಬಹುದು. 2018ರಲ್ಲಿ ಕರ್ನಾಟಕದ ಸರ್ಕಾರದ ಹಣೆಬರಹ ನಿಂತದ್ದು ಇಂಥ ಪದಗಳ ಮೇಲೆಯೇ.

ಮೇ 15ರಂದು 222 ಕ್ಷೇತ್ರಗಳ ಫಲಿತಾಂಶ ಬಂತು. ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಯಾರಿಗೂ ಬಹುಮತ ಇಲ್ಲ. ಕಾಂಗ್ರೆಸ್ ಮತ್ತು ಜೆಡಿಎಸ್ ಕೈಜೋಡಿಸಿದವು. ರಾಜ್ಯಪಾಲ ವಜುಭಾಯಿ ವಾಲಾ ಅವರು ಬಿ.ಎಸ್. ಯಡಿಯೂರಪ್ಪನವರನ್ನು ಸರ್ಕಾರ ರಚಿಸಲು ಕರೆದು, ಬಹುಮತ ತೋರಿಸಲು 15 ದಿನ ಕೊಟ್ಟರು. ಮೇ 16ರ ರಾತ್ರಿ ಕಳೆದು 17ರ ನಸುಕಿನವರೆಗೂ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆ ನಡೆಯಿತು.

ಆಗ ಎದ್ದ ಒಂದು ಪ್ರಶ್ನೆ ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು. ಗೆದ್ದವರು ಇನ್ನೂ ಪ್ರಮಾಣ ತೆಗೆದುಕೊಂಡಿಲ್ಲ. ಹಾಗಿದ್ದರೆ ಪಕ್ಷಾಂತರ ನಿಷೇಧ ಕಾನೂನು ಅವರಿಗೆ ಅನ್ವಯಿಸುತ್ತದೆಯೇ? ಅನ್ವಯಿಸುವುದಿಲ್ಲ ಎಂದರೆ ಘೋಷಣೆಗೂ ಪ್ರಮಾಣಕ್ಕೂ ನಡುವಿನ ದಿನಗಳಲ್ಲಿ ಯಾರು ಬೇಕಾದರೂ ಯಾವ ಕಡೆಗೆ ಬೇಕಾದರೂ ಜಿಗಿಯಬಹುದು, ಏನೂ ಆಗದು. ಆ ವಾದ ನ್ಯಾಯಪೀಠಕ್ಕೆ ರುಚಿಸಲಿಲ್ಲ. ಆ ಕಾನೂನು ಇರುವ ಸಂವಿಧಾನದ ಹತ್ತನೇ ಅನುಸೂಚಿಯಲ್ಲಿ ಇರುವುದು ‘ಚುನಾಯಿತ ಸದಸ್ಯ’ ಎಂಬ ಪದ. ಅಂಥವರು ಯಾವ ಪಕ್ಷದ ಟಿಕೆಟ್‌ನಿಂದ ಗೆದ್ದರೋ ಆ ಪಕ್ಷದವರೆಂದೇ ಲೆಕ್ಕ. ಕಾಂಗ್ರೆಸ್ ಶಾಸಕರನ್ನು ಇರಿಸಿದ್ದ ಬಿಡದಿಯ ರೆಸಾರ್ಟಿನ ಗೇಟಿನಾಚೆ ಆ ದಿನಗಳಲ್ಲಿ ಬಸ್ಸುಗಳು ಯಾಕೆ ಕಾಯುತ್ತಿದ್ದವು ಎಂಬುದಕ್ಕೆ ಈ ಹಿನ್ನೆಲೆಯೂ ಬೇಕು.

ಮೇ 17ರ ಬೆಳಿಗ್ಗೆ ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಮರುದಿನ ಕೋರ್ಟು 15 ದಿನವನ್ನು ಕತ್ತರಿಸಿ, 19ರ ಸಂಜೆ ನಾಲ್ಕಕ್ಕೇ ವಿಶ್ವಾಸಮತ ಎಂದಿತು. ವಿಶ್ವಾಸಮತ ಸದನದೊಳಗಿನ ಕೆಲಸ. ಪ್ರಮಾಣ ಇಲ್ಲದೆ ಮತ ಹಾಕುವ ಹಾಗಿಲ್ಲ. ಆದ್ದರಿಂದ 19ರ ಬೆಳಿಗ್ಗೆಯೇ ಹಂಗಾಮಿ ಸ್ಪೀಕರ್ ಕೆ.ಜಿ. ಬೋಪಯ್ಯ ಅವರ ಮುಂದೆ ಒಬ್ಬೊಬ್ಬರಾಗಿ ಶಾಸಕರು ಪ್ರಮಾಣ ತೆಗೆದುಕೊಂಡರು. ಇಬ್ಬರು ಕಾಂಗ್ರೆಸ್ ಶಾಸಕರು ಮಧ್ಯಾಹ್ನದವರೆಗೂ ಕಾಣಿಸದೆ ಇಡೀ ರಾಜ್ಯ ಟೀವಿ ಮುಂದೆ ಕೂತಿತ್ತು. ಕೊನೆಗೆ ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. 23ರಂದು ಎಚ್.ಡಿ. ಕುಮಾರಸ್ವಾಮಿ ಪ್ರಮಾಣ ವಚನ ಸ್ವೀಕರಿಸಿದರು.

ಅದೇ ಚುನಾವಣೆಯಲ್ಲಿ ಇನ್ನೊಂದು ದಿನಾಂಕವೂ ಮುಖ್ಯವಾಯಿತು. ಯಡಿಯೂರಪ್ಪ, ಬಿ. ಶ್ರೀರಾಮುಲು, ಸಿ.ಎಸ್. ಪುಟ್ಟರಾಜು ಮೂವರೂ ಶಾಸಕರಾಗಿ ಗೆದ್ದಾಗ ಲೋಕಸಭಾ ಸದಸ್ಯರೂ ಆಗಿದ್ದರು. ಒಬ್ಬರೇ ಎರಡೂ ಕಡೆ ಇರುವಂತಿಲ್ಲ. ಆಯ್ಕೆ ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ 14 ದಿನದೊಳಗೆ ಶಾಸಕ ಸ್ಥಾನ ಬಿಡದಿದ್ದರೆ ಸಂಸತ್ತಿನ ಸ್ಥಾನ ತಾನಾಗಿ ಖಾಲಿಯಾಗುತ್ತದೆ. ಇಲ್ಲಿ ಗಡಿಯಾರ ಶುರುವಾಗುವುದು ಘೋಷಣೆಯಿಂದಲ್ಲ, ಪ್ರಮಾಣದಿಂದಲ್ಲ, ರಾಜ್ಯಪತ್ರದಿಂದ. ಮೂವರೂ ಲೋಕಸಭೆ ಬಿಟ್ಟರು. ನವೆಂಬರ್‌ನಲ್ಲಿ ಶಿವಮೊಗ್ಗ, ಬಳ್ಳಾರಿ, ಮಂಡ್ಯದ ಜನ ಮತ್ತೆ ಮತಗಟ್ಟೆಗೆ ಹೋಗಬೇಕಾಯಿತು.

ಒಂದೇ ಕ್ಷೇತ್ರಕ್ಕೆ ಇಬ್ಬರು

ಘೋಷಣೆಯಾದ ಕೂಡಲೇ ಹೊಸಬರು ಚುನಾಯಿತರು ಎಂದಾದರೆ ಹಳಬರ ಗತಿ? ಇದಕ್ಕೆ ಸೂರತ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

2024ರಲ್ಲಿ ಗುಜರಾತಿನ ಸೂರತ್ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಯಿತು, ಉಳಿದವರು ಹಿಂದೆ ಸರಿದರು. ಕಣದಲ್ಲಿ ಉಳಿದ ಬಿಜೆಪಿಯ ಮುಕೇಶ್ ದಲಾಲ್ ಏಪ್ರಿಲ್ 22ರಂದು ಅವಿರೋಧವಾಗಿ ಆಯ್ಕೆಯಾದರು ಎಂದು ಚುನಾವಣಾಧಿಕಾರಿ ಘೋಷಿಸಿದರು. ದೇಶದ ಬಹುಪಾಲು ಇನ್ನೂ ಮತವನ್ನೇ ಹಾಕಿರಲಿಲ್ಲ. ಹಳೆಯ ಲೋಕಸಭೆ ವಿಸರ್ಜನೆಯಾದದ್ದು ಜೂನ್ 5ಕ್ಕೆ. ಅಲ್ಲಿಯವರೆಗೆ ಸೂರತ್‌ನ ಹಾಲಿ ಸಂಸದೆ ದರ್ಶನಾ ಜರ್ದೋಶ್. ಕೇಂದ್ರದಲ್ಲಿ ರಾಜ್ಯ ಸಚಿವೆಯೂ ಆಗಿದ್ದರು. ಆರು ವಾರಕ್ಕೂ ಹೆಚ್ಚು ಕಾಲ ಒಂದು ಕ್ಷೇತ್ರಕ್ಕೆ ಒಬ್ಬ ಹಾಲಿ ಸಂಸದೆ, ಒಬ್ಬ ಚುನಾಯಿತ ಸಂಸದ.

ಕಾನೂನಿಗೆ ಇದರಲ್ಲಿ ತೊಡಕಿಲ್ಲ, ಯಾಕೆಂದರೆ ಇಬ್ಬರೂ ಬೇರೆ ಬೇರೆ ಸದನದ ಸದಸ್ಯರು: ಒಬ್ಬರು 17ನೇ ಲೋಕಸಭೆ, ಇನ್ನೊಬ್ಬರು 18ನೇ ಲೋಕಸಭೆ. ಹೊಸ ಸದನದ ಅಧಿಸೂಚನೆ ಹೊರಬಿದ್ದರೂ ಹಳೆಯ ಸದನದ ಅವಧಿಗೆ ಧಕ್ಕೆಯಿಲ್ಲ ಎಂದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 73ನೇ ಸೆಕ್ಷನ್ ಮೊದಲೇ ಬರೆದಿಟ್ಟಿದೆ. ಸುದ್ದಿ ಬರೆಯುವವರು ಈ ನಡುವಿನ ದಿನಗಳಲ್ಲಿ ‘ಹಾಲಿ’ ಮತ್ತು ‘ಚುನಾಯಿತ’ ಎಂಬ ಎರಡು ಪದಗಳನ್ನು ಕೈಬಿಡದಿದ್ದರೆ ಓದುಗರಿಗೆ ಅರ್ಧ ಗೊಂದಲ ತಪ್ಪುತ್ತದೆ. ಸೋತವರನ್ನು ಫಲಿತಾಂಶದ ಸಂಜೆಯೇ ‘ಮಾಜಿ’ ಮಾಡುವ ಅವಸರವೂ ಬೇಕಿಲ್ಲ.

ಮುಖ್ಯಮಂತ್ರಿಯ ಲೆಕ್ಕ ಬೇರೆ

ಮುಖ್ಯಮಂತ್ರಿಯನ್ನು ನಾವು ಆರಿಸುವುದಿಲ್ಲ. ನಾವು ಆರಿಸಿದ ಶಾಸಕರ ಪಕ್ಷ ನಾಯಕನನ್ನು ಆರಿಸುತ್ತದೆ, ರಾಜ್ಯಪಾಲರು ಅವರನ್ನು ನೇಮಿಸುತ್ತಾರೆ. ಹಾಗಾಗಿ ‘ಘೋಷಣೆ’ ಎಂಬ ಹೆಜ್ಜೆಯೇ ಇಲ್ಲಿಲ್ಲ. ಸಚಿವರು ‘ಅಧಿಕಾರ ವಹಿಸಿಕೊಳ್ಳುವ ಮೊದಲು’ ಪ್ರಮಾಣ ತೆಗೆದುಕೊಳ್ಳಬೇಕು ಎಂದು 164ನೇ ವಿಧಿ ಹೇಳುತ್ತದೆ. ಶಾಸಕರಿಗೆ ‘ಸ್ಥಾನದಲ್ಲಿ ಕೂರುವ ಮೊದಲು’, ಸಚಿವರಿಗೆ ‘ಅಧಿಕಾರ ವಹಿಸಿಕೊಳ್ಳುವ ಮೊದಲು’: ಈ ಎರಡು ತುಣುಕುಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಸಚಿವರ ಪ್ರಮಾಣದಲ್ಲಿ ‘ಚುನಾಯಿತನಾಗಿರುವ ನಾನು’ ಎಂಬ ಮುನ್ನುಡಿಯೂ ಇಲ್ಲ.

ಸರ್ಕಾರಿ ಕೆಲಸದ ಹಾಗೆ ಎಂದುಕೊಳ್ಳಿ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದವರಿಗೆ ಊರಲ್ಲೆಲ್ಲ ‘ಮೇಷ್ಟ್ರೇ’ ಎಂಬ ಕರೆ ಶುರುವಾಗುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ ಬೀಳುವುದು ಡ್ಯೂಟಿಗೆ ಹಾಜರಾದ ದಿನವೇ.

2023ರ ದಿನಾಂಕಗಳನ್ನು ಜೋಡಿಸಿ ನೋಡಿ. ಮೇ 13ಕ್ಕೆ ಫಲಿತಾಂಶ. ಅಂದೇ ಬಸವರಾಜ ಬೊಮ್ಮಾಯಿ ರಾಜೀನಾಮೆ ಕೊಟ್ಟರು. ಸಿದ್ದರಾಮಯ್ಯ ಅವರನ್ನು ಶಾಸಕಾಂಗ ಪಕ್ಷದ ನಾಯಕರಾಗಿ ಆರಿಸಿದ್ದು 18ರಂದು. ಕಂಠೀರವ ಕ್ರೀಡಾಂಗಣದಲ್ಲಿ ಪ್ರಮಾಣ ವಚನ 20ರಂದು. 18ರಿಂದ 20ರವರೆಗೆ ಪತ್ರಿಕೆಗಳು ಬರೆದದ್ದು ‘ನಿಯೋಜಿತ ಮುಖ್ಯಮಂತ್ರಿ’. ಸಂವಿಧಾನದಲ್ಲಿ ಈ ಪದ ಇಲ್ಲ, ಅದಕ್ಕೆ ಅಧಿಕಾರವೂ ಇಲ್ಲ. ಒಂದು ಕಡತಕ್ಕೂ ಸಹಿ ಹಾಕುವಂತಿಲ್ಲ. ಆದರೂ ಬಳಕೆಗೆ ಒಗ್ಗಿದ, ಯಾರನ್ನೂ ದಾರಿ ತಪ್ಪಿಸದ ಒಳ್ಳೆಯ ಪದ. ಈ ದಿನಗಳಲ್ಲಿ ಕುರ್ಚಿ ಖಾಲಿ ಇರುವುದಿಲ್ಲ. ಹೊಸಬರು ಬರುವವರೆಗೆ ಮುಂದುವರಿಯಿರಿ ಎಂದು ರಾಜ್ಯಪಾಲರು ಹಳೆಯ ಮುಖ್ಯಮಂತ್ರಿಗೇ ಹೇಳಿರುತ್ತಾರೆ. ಅವರು ‘ಹಂಗಾಮಿ ಮುಖ್ಯಮಂತ್ರಿ’.

ತಮಾಷೆಯ ಸಂಗತಿ ಏನೆಂದರೆ, 16ನೇ ವಿಧಾನಸಭೆಯ ಶಾಸಕರ ಪ್ರಮಾಣ ವಚನ ಹಂಗಾಮಿ ಸ್ಪೀಕರ್ ಆರ್.ವಿ. ದೇಶಪಾಂಡೆ ಅವರ ಮುಂದೆ ಆರಂಭವಾದದ್ದು ಮೇ 22ಕ್ಕೆ. ಅಂದರೆ ಮುಖ್ಯಮಂತ್ರಿ ಎಂಬ ಪ್ರಮಾಣ ಮೊದಲು, ಶಾಸಕ ಎಂಬ ಪ್ರಮಾಣ ಆಮೇಲೆ. ಕಾನೂನಿಗೆ ಇದೂ ಸರಿಯೇ. ಶಾಸಕರೇ ಅಲ್ಲದವರು ಕೂಡ ಆರು ತಿಂಗಳು ಸಚಿವರಾಗಿರಬಹುದು. 1996ರ ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ; ರಾಜ್ಯಸಭೆಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ. 2021ರಲ್ಲಿ ಮಮತಾ ಬ್ಯಾನರ್ಜಿ ನಂದಿಗ್ರಾಮದಲ್ಲಿ ಸೋತೂ ಮುಖ್ಯಮಂತ್ರಿಯಾದರು, ಆಮೇಲೆ ಭವಾನಿಪುರದಿಂದ ಗೆದ್ದರು.

ರಾಷ್ಟ್ರಪತಿಯ ವಿಷಯ ಎರಡರ ನಡುವಿನದ್ದು. ಚುನಾವಣೆ, ಘೋಷಣೆ ಎರಡೂ ಇವೆ, ಆದರೆ ಅಧಿಕಾರ ಪ್ರಮಾಣದ ನಂತರವೇ. ದ್ರೌಪದಿ ಮುರ್ಮು ಗೆದ್ದದ್ದು 2022ರ ಜುಲೈ 21, ರಾಷ್ಟ್ರಪತಿಯಾದದ್ದು ಜುಲೈ 25. ನಡುವೆ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರೇ.

ಗೆದ್ದೂ ಎರಡು ವರ್ಷ ಕಾದವರು

ನಡುವಿನ ಅವಧಿ ಅತಿ ಉದ್ದವಾಗಿದ್ದು ದೆಹಲಿಯಲ್ಲೂ ಅಲ್ಲ, ವಿಧಾನಸೌಧದಲ್ಲೂ ಅಲ್ಲ, ನಮ್ಮ ಪುರಸಭೆಗಳಲ್ಲಿ.

2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಗಿ ಸೆಪ್ಟೆಂಬರ್ 3ಕ್ಕೆ ಫಲಿತಾಂಶ ಬಂತು. ವಾರ್ಡುಗಳಲ್ಲಿ ಮೆರವಣಿಗೆ, ಪಟಾಕಿ ಎಲ್ಲ ಆಯಿತು. ಆದರೆ ಪುರಸಭೆ, ನಗರಸಭೆಗಳ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳು ಯಾವ ವರ್ಗಕ್ಕೆ ಎಂಬ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಅಧ್ಯಕ್ಷರ ಆಯ್ಕೆ ಇಲ್ಲದೆ ಸಭೆ ಇಲ್ಲ, ಸಭೆ ಇಲ್ಲದೆ ಅಧಿಕಾರ ಇಲ್ಲ. ಬಹಳ ಕಡೆ ದಾರಿ ಸುಗಮವಾದದ್ದು 2020ರ ಕೊನೆಗೆ. ಅಷ್ಟು ದಿನ ಆಡಳಿತಾಧಿಕಾರಿಗಳ ಕಾರುಬಾರು. ಬೀದಿದೀಪ ಕೆಟ್ಟಿದೆ ಎಂದು ಜನ ಬಂದು ಬಾಗಿಲು ಬಡಿದರೆ ಗೆದ್ದ ಸದಸ್ಯರು ‘ನಮಗೇ ಇನ್ನೂ ಪವರ್ ಬಂದಿಲ್ಲ’ ಎನ್ನುತ್ತಿದ್ದರು.

ಅವರ ಐದು ವರ್ಷದಲ್ಲಿ ಎರಡು ವರ್ಷ ಹಾಳಾಯಿತೇ? ಇಲ್ಲ. ನಗರ ಸಂಸ್ಥೆಯ ಅವಧಿ ಲೆಕ್ಕವಾಗುವುದು ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ. ವಿಧಾನಸಭೆಯ ಐದು ವರ್ಷವೂ ಹಾಗೆಯೇ, ಮೊದಲ ಸಭೆಯ ದಿನದಿಂದ. ಗ್ರಾಮ ಪಂಚಾಯಿತಿಯಲ್ಲೂ ಗೆದ್ದ ತಕ್ಷಣ ಯಾರೂ ಅಧ್ಯಕ್ಷರಲ್ಲ. ಜನ ಆರಿಸುವುದು ಸದಸ್ಯರನ್ನು, ಮೀಸಲಾತಿ ಗೊತ್ತಾದ ಮೇಲೆ ಸದಸ್ಯರು ತಮ್ಮಲ್ಲೊಬ್ಬರನ್ನು ಆರಿಸುತ್ತಾರೆ.

ಅಮೆರಿಕದಲ್ಲಿ ಟೀವಿಯ ಮಾತಿಗೇ ಯಾಕೆ ಅಷ್ಟು ಬೆಲೆ?

ಅಲ್ಲಿರುವ ಮಕ್ಕಳು, ಮೊಮ್ಮಕ್ಕಳ ಬಾಯಲ್ಲಿ ‘ಪ್ರೆಸಿಡೆಂಟ್ ಎಲೆಕ್ಟ್’ ಎಂಬ ಪದ ಕೇಳಿರುತ್ತೀರಿ. ನಮ್ಮ ಪತ್ರಿಕೆಗಳು ಅದನ್ನು ‘ನಿಯೋಜಿತ ಅಧ್ಯಕ್ಷ’ ಎನ್ನುತ್ತವೆ. ಅಲ್ಲಿ ನಮ್ಮ ಹಾಗೆ ದೇಶಕ್ಕೆಲ್ಲ ಮತ ಎಣಿಸಿ ಫಲಿತಾಂಶ ಹೇಳುವ ಒಂದು ಆಯೋಗ ಇಲ್ಲ. ಎಣಿಕೆ ಒಂದೊಂದು ರಾಜ್ಯದ ಹೊಣೆ. ಆದ್ದರಿಂದ ರಾತ್ರಿ ‘ಇವರು ಗೆದ್ದರು’ ಎಂದು ಮೊದಲು ಹೇಳುವುದು ಸುದ್ದಿಸಂಸ್ಥೆಗಳೇ. ಅವು ಎಡವಿದ್ದೂ ಇದೆ: 1948ರಲ್ಲಿ ಷಿಕಾಗೊದ ಪತ್ರಿಕೆಯೊಂದು ಟ್ರೂಮನ್ ಸೋತರು ಎಂದು ಮುಖಪುಟದಲ್ಲಿ ಅಚ್ಚು ಹಾಕಿತು. ಗೆದ್ದಿದ್ದ ಟ್ರೂಮನ್ ಅದೇ ಪತ್ರಿಕೆಯನ್ನು ಎತ್ತಿ ಹಿಡಿದು ನಕ್ಕರು.

2020ರಲ್ಲಿ ಈ ಹೆಜ್ಜೆಗಳೆಲ್ಲ ಬಿಡಿಬಿಡಿಯಾಗಿ ಕಂಡವು. ನವೆಂಬರ್ 3ಕ್ಕೆ ಮತದಾನ. 7ಕ್ಕೆ ಬೈಡನ್ ಗೆದ್ದರೆಂದು ಸುದ್ದಿಸಂಸ್ಥೆಗಳು ಹೇಳಿದವು. ಅಧಿಕಾರ ಹಸ್ತಾಂತರಕ್ಕೆ ಕಚೇರಿ, ಹಣ ಒದಗಿಸುವ ಸರ್ಕಾರಿ ಇಲಾಖೆ ಪತ್ರ ಕೊಟ್ಟದ್ದು 23ಕ್ಕೆ. ಡಿಸೆಂಬರ್ 14ಕ್ಕೆ ರಾಜ್ಯಗಳ ಎಲೆಕ್ಟರ್‌ಗಳು, ಅಂದರೆ ಜನರ ಪರವಾಗಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು, ಮತ ಹಾಕಿದರು. ಸಂಸತ್ತು ಆ ಮತಗಳನ್ನು ಎಣಿಸಲು ಕೂತ ಜನವರಿ 6ರಂದು ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದ್ದನ್ನು ಜಗತ್ತೇ ನೋಡಿತು. ಬೈಡನ್ ಅಧ್ಯಕ್ಷರಾದದ್ದು ಜನವರಿ 20ರ ಮಧ್ಯಾಹ್ನ. ಹಾಗಾದರೆ ‘ನಿಯೋಜಿತ ಅಧ್ಯಕ್ಷ’ ಎಂದು ಯಾವತ್ತಿನಿಂದ ಕರೆಯಬೇಕಿತ್ತು? ಅಮೆರಿಕದ ಸಂವಿಧಾನದ 20ನೇ ತಿದ್ದುಪಡಿಯಲ್ಲಿ ಆ ಪದ ಇದೆ, ಆದರೆ ಯಾವ ದಿನದಿಂದ ಎಂದು ಅದು ಹೇಳುವುದಿಲ್ಲ. ಅಲ್ಲಿನವರ ಜಗಳ ಅದಕ್ಕೇ ಮುಗಿಯುವುದಿಲ್ಲ. ಬ್ರಿಟನ್ನಿನಲ್ಲಿ ಜಗಳಕ್ಕೆ ಸಮಯವೇ ಇಲ್ಲ: 2024ರ ಜುಲೈ 4ಕ್ಕೆ ಮತದಾನ, 5ಕ್ಕೆ ಕೀರ್ ಸ್ಟಾರ್ಮರ್ ಪ್ರಧಾನಿ.

ಕೋರ್ಟು ಗೆಲುವನ್ನೇ ರದ್ದು ಮಾಡಿದರೆ

ಘೋಷಣೆಯಾದ ಗೆಲುವನ್ನು ಪ್ರಶ್ನಿಸಬೇಕೆಂದರೆ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಪದವಿ ಅಲುಗಾಡುವುದಿಲ್ಲ. ತೀರ್ಪು ಬರುವವರೆಗೆ ಅವರು ಪೂರ್ಣ ಶಾಸಕರು. ಆಯ್ಕೆ ಅಸಿಂಧು ಎಂದು ಕೋರ್ಟು ಹೇಳಿದರೆ, ತಡೆಯಾಜ್ಞೆ ಸಿಗದ ಹೊರತು, ಆದೇಶ ಹೊರಬಿದ್ದ ಗಳಿಗೆಯಿಂದಲೇ ಅದು ಜಾರಿ. ಅಲ್ಲಿಯವರೆಗೆ ಅವರು ಸದನದಲ್ಲಿ ಹಾಕಿದ ಮತಗಳು, ಭಾಗವಹಿಸಿದ ಕಲಾಪಗಳು ಮಾತ್ರ ಹಾಗೇ ಉಳಿಯುತ್ತವೆ. ಇಲ್ಲದಿದ್ದರೆ ಒಬ್ಬರ ಆಯ್ಕೆ ಬಿದ್ದಾಗಲೆಲ್ಲ ಅವರು ಕೈಯೆತ್ತಿದ್ದ ಮಸೂದೆಗಳನ್ನೆಲ್ಲ ಮತ್ತೆ ಎಣಿಸಬೇಕಾದೀತು.

ಈ ನಡುಗಾಲದ ಅತಿ ವಿಚಿತ್ರ ಸ್ಥಿತಿ ಇಂದಿರಾ ಗಾಂಧಿಯವರದ್ದು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಅವರು ಇಂದಿರಾ ಅವರ ರಾಯ್‌ಬರೇಲಿ ಆಯ್ಕೆಯನ್ನು ರದ್ದುಪಡಿಸಿದರು. ಜೂನ್ 24ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. ಅದರಂತೆ ಇಂದಿರಾ ಪ್ರಧಾನಿಯಾಗಿ ಸದನಕ್ಕೆ ಬಂದು ಮಾತಾಡಬಹುದಿತ್ತು. ಲೋಕಸಭಾ ಸದಸ್ಯೆಯಾಗಿ ಮತ ಹಾಕುವಂತಿರಲಿಲ್ಲ, ಸದಸ್ಯೆಯ ಸಂಬಳ ಪಡೆಯುವಂತಿರಲಿಲ್ಲ. ಅವರು ಪ್ರಧಾನಿ ಹೌದು, ಸಂಸದೆ ಅರ್ಧ. ಮರುದಿನ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ ಆ ಉಳಿದರ್ಧವನ್ನು ಅವರಿಗೆ ಮರಳಿಸಿದ್ದು ಅದೇ ವರ್ಷದ ನವೆಂಬರ್‌ನಲ್ಲಿ.